ಹಳೇ ಬ್ರೇಕ್‌ಡೌನ್ ಲಾರಿಯ ಗುರುತು ಹಿಡಿಯುವುದು ಹೇಗೆ? ಬ್ರಿಟನ್ನಿನ ರಿಕವರಿ ಗಾಡಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನ ಹಳೇ ಬ್ರೇಕ್‌ಡೌನ್ ಲಾರಿಯ, ಅಂದರೆ ಕೆಟ್ಟು ನಿಂತ ಗಾಡಿಗಳನ್ನು ಎಳೆದೊಯ್ಯುವ ಲಾರಿಯ ಫೋಟೋ ಕೈಗೆ ಸಿಕ್ಕರೆ, ಅದರಲ್ಲಿ ಮೂರು ಗಾಡಿ ಇದೆ ಎಂದುಕೊಂಡೇ ನೋಡಲು ಶುರು ಮಾಡಿ. ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು, ಒಂದು ಕಾಲದ್ದು. ಅದರ ಬೆನ್ನ ಮೇಲಿನ ಕ್ರೇನ್ ಇನ್ನೊಂದು ಕಾಲದ್ದು. ಕ್ಯಾಬಿನ್, ಬಣ್ಣ, ಬಾಗಿಲ ಮೇಲಿನ ಬರಹ ಮತ್ತೊಂದು ಕಾಲದ್ದು. 1943ರಲ್ಲಿ ಫಿರಂಗಿ ಎಳೆಯಲು ತಯಾರಾದ ಲಾರಿಗೆ ಗ್ಯಾರೇಜಿನವರು 1950ರ ದಶಕದಲ್ಲಿ ಕ್ರೇನ್ ಕೂರಿಸಿರುತ್ತಾರೆ. 1970ರ ಹೊತ್ತಿಗೆ ಬೇರೆ ಯಾವುದೋ ಲಾರಿಯ ಕ್ಯಾಬಿನ್ ಬಿಚ್ಚಿ ತಂದು ಹಾಕಿರುತ್ತಾರೆ. ಇದು ಯಾವ ಮಾಡೆಲ್ ಅಂತ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಇದಕ್ಕೆ ಕಾರಣ ದುಡ್ಡು. ಬೇರೆಯವರ ಗಾಡಿ ಕೆಟ್ಟಾಗ ಮಾತ್ರ ಬ್ರೇಕ್‌ಡೌನ್ ಲಾರಿಗೆ ಸಂಪಾದನೆ. ಉಳಿದ ಹೊತ್ತು ಅದು ಶೆಡ್ಡಿನ ಹಿಂದೆ ಸುಮ್ನೆ ನಿಂತಿರುತ್ತದೆ. ಅಂಥದ್ದಕ್ಕೆ ಹೊಸ ಚಾಸಿ ಕೊಳ್ಳಲು ಯಾವ ಮಾಲೀಕನಿಗೆ ಮನಸ್ಸು ಬರುತ್ತದೆ? ಸೈನ್ಯ ಹರಾಜಿಗೆ ಹಾಕಿದ್ದು, ಮುದಿಯಾದ ಬಸ್ಸು, ಸರಕು ಸಾಗಿಸಿ ಸವೆದ ಎಂಟು ಚಕ್ರದ ಲಾರಿ, ಏನು ಅಗ್ಗಕ್ಕೆ ಸಿಕ್ಕಿತೋ ಅದನ್ನೇ ತಂದು ಗ್ಯಾರೇಜಿನಲ್ಲೇ ಬೆಸುಗೆ ಹಾಕಿ ರಿಕವರಿ ಗಾಡಿ ಮಾಡಿದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಗುರುತು ಹಿಡಿಯುವ ಕೆಲಸದ ಕಷ್ಟವೂ ಅದೇ, ಖುಷಿಯೂ ಅದೇ.

ಹಂತ 1: ಫೋಟೋವನ್ನು ಹಿಂದಿನಿಂದ ಮುಂದಕ್ಕೆ ನೋಡಿ

ಮೊದಲು ಫೋಟೋದ ಬೆನ್ನು ನೋಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಊರಿನ ಹೆಸರು, ಏನಿದ್ದರೂ ಅದನ್ನೂ ಸ್ಕ್ಯಾನ್ ಮಾಡಿ. ಮುಂಭಾಗವನ್ನು ಕನಿಷ್ಠ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಕ್ಲಿಕ್ಕಿಸಿದರೆ ನಂಬರ್ ಪ್ಲೇಟಿನ ಅಕ್ಷರ ಕಲಸಿಹೋಗುತ್ತದೆ. ಆಮೇಲೆ ಹಿನ್ನೆಲೆ: ಪೆಟ್ರೋಲ್ ಬಂಕಿನ ಬೋರ್ಡು, ಪಕ್ಕದ ಕಾರು, ಎಳೆಯಲ್ಪಡುತ್ತಿರುವ ಗಾಡಿ. ಕೊಕ್ಕೆಗೆ ನೇತುಬಿದ್ದ ಕಾರು ಯಾವುದು ಅಂತ ಗೊತ್ತಾದರೆ ಫೋಟೋ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದು ಅಲ್ಲೇ ಇತ್ಯರ್ಥ. ಲಾರಿಯ ಮೇಲೇ ಕಣ್ಣು ನೆಟ್ಟವರು ಇದನ್ನು ಬಿಟ್ಟುಬಿಡುತ್ತಾರೆ.

ಹಂತ 2: ಚಾಸಿ ಯಾರದು?

ಕ್ಯಾಬಿನ್ ಸುಳ್ಳು ಹೇಳಬಹುದು, ಚಕ್ರ ಮತ್ತು ಆಕ್ಸಲ್ ಹೇಳುವುದು ಕಡಿಮೆ. ಅದಕ್ಕೇ ಕೆಳಗಿನಿಂದ ಶುರು ಮಾಡಬೇಕು. ಎಷ್ಟು ಆಕ್ಸಲ್? ಹಿಂದಿನ ಚಕ್ರ ಜೋಡಿಯೋ ಒಂಟಿಯೋ? ಮುಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್‌ನ (ಎರಡು ಚಕ್ರಕ್ಕೆ ಬಲ ಹಂಚುವ ಗೇರ್ ಪೆಟ್ಟಿಗೆಯ) ಉಬ್ಬು ಕಾಣುತ್ತಿದೆಯೋ? ಕಂಡರೆ ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ ಎಂದರ್ಥ. ಆಗ ಅದು ಹೆಚ್ಚಾಗಿ ಸೈನ್ಯದ ಮನೆಯಿಂದ ಬಂದ ಗಾಡಿ.

ಎರಡೇ ಆಕ್ಸಲ್, ನಾಲ್ಕೂ ಚಕ್ರಕ್ಕೆ ಚಾಲನೆ, ಹಿಂದೆ ಒಂಟಿ ದೊಡ್ಡ ಟೈರು, ಎಂಜಿನ್ ಮೇಲೆಯೇ ಕೂತ ಚಪ್ಪಟೆ ಮುಖದ ಕ್ಯಾಬಿನ್, ಎದುರಿಗೆ ಎತ್ತರದ ರೇಡಿಯೇಟರ್. ಇಷ್ಟೂ ಇದ್ದರೆ ಬಹುತೇಕ ಅದು ಎಇಸಿ ಕಂಪನಿಯ ಮಟಡೋರ್. ಲಂಡನ್ ಪಕ್ಕದ ಸೌತಾಲ್‌ನ ಕಾರ್ಖಾನೆಯಲ್ಲಿ 1938ರಿಂದ ತಯಾರಾದದ್ದು, ಮಾಡೆಲ್ ಹೆಸರು ಒ853. ಇಲ್ಲಿ ‘ಒ’ ಎಂದರೆ ಆಯಿಲ್ ಎಂಜಿನ್, ಅಂದರೆ ಡೀಸೆಲ್. 95 ಅಶ್ವಶಕ್ತಿ. ಹೊಟ್ಟೆಯ ಕೆಳಗೊಂದು ವಿಂಚ್, ಅಂದರೆ ವೈರ್ ರೋಪು ಸುತ್ತಿ ಎಳೆಯುವ ಯಂತ್ರ. ಮಧ್ಯಮ ಗಾತ್ರದ ಫಿರಂಗಿ ಎಳೆಯಲು ಇಂಥವು 9000ಕ್ಕೂ ಹೆಚ್ಚು ತಯಾರಾದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾವಿರಗಟ್ಟಲೆ ಹರಾಜಿಗೆ ಬಂದವು. ನಾಟಿಂಗ್‌ಹ್ಯಾಮ್ ಹತ್ತಿರದ ರಡಿಂಗ್‌ಟನ್ ಡಿಪೋದ ಹರಾಜು ಗ್ಯಾರೇಜಿನವರಿಗೆ ಒಂದು ಜಾತ್ರೆಯೇ ಆಗಿತ್ತು. ಎಷ್ಟೋ ಮಟಡೋರ್‌ಗಳು ಕಾಡಿನಲ್ಲಿ ದಿಮ್ಮಿ ಎಳೆಯಲು ಹೋದವು, ಇನ್ನು ಕೆಲವು ಬ್ರೇಕ್‌ಡೌನ್ ಗಾಡಿಯಾದವು. ಬಸ್ ಕಂಪನಿಗಳಿಗಂತೂ ಇದು ಅಚ್ಚುಮೆಚ್ಚು. ತಮ್ಮ ಬಸ್ಸಿನ ಗಾಜು, ಬಾಗಿಲು, ದೀಪಗಳನ್ನೇ ಹಾಕಿ ಅದಕ್ಕೆ ಹೊಸ ಕ್ಯಾಬಿನ್ ಕಟ್ಟುತ್ತಿದ್ದರು. ಮುಖ ಬಸ್ಸಿನದು, ಕಾಲು ಮಟಡೋರ್‌ದು! ಫೋಟೋದಲ್ಲಿ ಇಂಥದ್ದು ಕಂಡರೆ ಗಾಬರಿಯಾಗಬೇಡಿ, ಚಕ್ರ ನೋಡಿ.

ಇಲ್ಲಿ ಎರಡು ಗೊಂದಲ ಬಿಡಿಸಿಬಿಡೋಣ. ಎಇಸಿ ಕಂಪನಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಚಾಲನೆ ಇರುವ ಸಾಮಾನ್ಯ ಸರಕು ಲಾರಿಗೂ ಮಟಡೋರ್ ಎಂಬ ಹೆಸರನ್ನೇ ಇಟ್ಟಿತ್ತು. ಹಾಗಾಗಿ ಬರೀ ಹೆಸರು ಬರೆದರೆ ಸಾಲದು, ನಾಲ್ಕು ಚಕ್ರ ಚಾಲನೆ ಅಂತಲೂ ಬರೆಯಿರಿ. ಇನ್ನು ಮಟಡೋರ್ ಅಂದ ಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಬರುವುದು ಬಜಾಜ್ ಟೆಂಪೋದ ವ್ಯಾನು. ಅದಕ್ಕೂ ಇದಕ್ಕೂ ನಂಟಿಲ್ಲ.

ಮೂರು ಆಕ್ಸಲ್ ಇದ್ದು, ಉದ್ದ ಬಾನೆಟ್ಟಿನ ತುದಿಯಲ್ಲಿ ದುಂಡನೆಯ ಡಬ್ಬಿಯೊಂದು ತಲೆ ಎತ್ತಿದ್ದರೆ ಅದು ಸ್ಕ್ಯಾಮೆಲ್. ನಮ್ಮ ಹಿತ್ತಾಳೆ ಕಾಫಿ ಫಿಲ್ಟರನ್ನು ರೇಡಿಯೇಟರ್ ಮೇಲೆ ಮರೆತು ಬಿಟ್ಟ ಹಾಗೆ ಕಾಣುತ್ತದೆ. ಅಲ್ಲಿನ ಹವ್ಯಾಸಿಗಳೂ ಅದನ್ನು ಕಾಫಿ ಪಾಟ್ ಅಂತಲೇ ಕರೆಯುತ್ತಾರೆ. ವಾಟ್‌ಫರ್ಡ್ ಊರಿನ ಸ್ಕ್ಯಾಮೆಲ್ ಕಾರ್ಖಾನೆಯ ಪಯೋನಿಯರ್ 1927ರಲ್ಲಿ ಹುಟ್ಟಿದ ವಿನ್ಯಾಸ. ಅದರ ಸೈನ್ಯದ ರಿಕವರಿ ರೂಪದ ಹೆಸರು ಎಸ್‌ವಿ/2ಎಸ್. ಒಳಗೆ ಗಾರ್ಡ್‌ನರ್ 6ಎಲ್‌ಡಬ್ಲ್ಯು ಡೀಸೆಲ್ ಎಂಜಿನ್, 8.4 ಲೀಟರ್, 102 ಅಶ್ವಶಕ್ತಿ. ಓಟ ಮಾತ್ರ ಗಂಟೆಗೆ 24 ಮೈಲಿಯ ಆಸುಪಾಸು. ಅವಸರ ಇದ್ದವರಿಗೆ ಹೇಳಿದ್ದಲ್ಲ.

ಪಯೋನಿಯರ್‌ನ ಹಿಂಭಾಗ ನೋಡುವುದೇ ಒಂದು ಸೊಗಸು. ಒಂದೊಂದು ಪಕ್ಕದಲ್ಲೂ ಉದ್ದನೆಯ ಗೇರ್ ಪೆಟ್ಟಿಗೆ, ಅದರ ಎರಡು ತುದಿಗೆ ಎರಡು ಚಕ್ರ, ನಡುವೆ ತಿರುಗಣೆ. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ಏರುತ್ತದೆ, ಎರಡೂ ನೆಲ ಬಿಡುವುದಿಲ್ಲ. ಕ್ರೇನಿನ ತೋಳು ಹಿಂದಕ್ಕೆ ಜಾರಿ ಉದ್ದವಾಗುತ್ತದೆ. ತೂಕದ ಗಾಡಿ ಹಿಂದೆ ನೇತುಬಿದ್ದಾಗ ಲಾರಿಯ ಮೂತಿ ಮೇಲೇಳಬಾರದಲ್ವಾ? ಅದಕ್ಕೆ ಮುಂದಿನ ಬಂಪರಿನ ಬಳಿ ಕಬ್ಬಿಣದ ತೂಕ ಹೇರುವ ವ್ಯವಸ್ಥೆ ಇತ್ತು. ಈ ತೂಕ ಫೋಟೋದಲ್ಲಿ ಕಂಡರೆ ಅನುಮಾನ ಬೇಡ.

ಪಯೋನಿಯರ್‌ನ ತಮ್ಮ ಎಕ್ಸ್‌ಪ್ಲೋರರ್, 1950ರ ದಶಕದವನು. ದೂರದಿಂದ ಇಬ್ಬರೂ ಒಂದೇ ಥರ. ವ್ಯತ್ಯಾಸ ಮುಂದಿನ ಟೈರಿನಲ್ಲಿ: ಪಯೋನಿಯರ್‌ಗೆ ಮುಂದಿನ ಟೈರು ಹಿಂದಿನದಕ್ಕಿಂತ ಸಣ್ಣದು, ಎಕ್ಸ್‌ಪ್ಲೋರರ್‌ಗೆ ಆರೂ ದಪ್ಪ, ಆರಕ್ಕೂ ಚಾಲನೆ. ಎಕ್ಸ್‌ಪ್ಲೋರರ್‌ನ ಮೆಡೋಸ್ ಎಂಜಿನ್ 10.35 ಲೀಟರಿನದು, ಅದೂ ಪೆಟ್ರೋಲ್. ಸೈನ್ಯ ಹೊಟ್ಟೆ ತುಂಬಿಸುತ್ತಿತ್ತು, ಗ್ಯಾರೇಜಿನ ಮಾಲೀಕ ಎಲ್ಲಿಂದ ತುಂಬಿಸಬೇಕು? ಆದ್ದರಿಂದ ಬಹಳ ಎಕ್ಸ್‌ಪ್ಲೋರರ್‌ಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಬಂತು. ಹಾಗಾಗಿ ಎಂಜಿನ್ ನೋಡಿ ಗಾಡಿ ನಿರ್ಧರಿಸಬೇಡಿ.

ಅಮೆರಿಕದಿಂದ ಯುದ್ಧಕಾಲದಲ್ಲಿ ಬಂದವುಗಳಲ್ಲಿ ಮುಖ್ಯವಾದವು ಎರಡು. ಷಿಕಾಗೋದ ಡೈಮಂಡ್ ಟಿ 969: ಆರು ಚಕ್ರಕ್ಕೂ ಚಾಲನೆ, ಉದ್ದ ಬಾನೆಟ್, ಮುಂದೊಂದು ವಿಂಚ್, ಬೆನ್ನ ಮೇಲೆ ಎರಡು ತೋಳು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದ ವಾರ್ಡ್ ಲಫ್ರಾನ್ಸ್: ಅದೂ ಆರು ಚಕ್ರ, ಆದರೆ ಪಕ್ಕಕ್ಕೂ ತಿರುಗುವ ಒಂದೇ ತೋಳು. ತೋಳು ಎಣಿಸಿದರೆ ಮುಗಿಯಿತು. ಎರಡರಲ್ಲೂ ಯುದ್ಧದ ನಡುವೆ ಮುಚ್ಚಿದ ಕ್ಯಾಬಿನ್ ಹೋಗಿ ಕ್ಯಾನ್ವಾಸ್ ಹೊದಿಕೆಯ ತೆರೆದ ಕ್ಯಾಬಿನ್ ಬಂತು. ಅದು 1943ರ ಸುಮಾರಿನ ಬದಲಾವಣೆ.

ಸಣ್ಣ ಗ್ಯಾರೇಜುಗಳ ಲೋಕ ಬೇರೆ. ಅಲ್ಲಿ ಬೆಡ್‌ಫರ್ಡ್‌ನದೇ ದರ್ಬಾರು. ಯುದ್ಧಕ್ಕೆ ಮುಂಚಿನ ಗುಂಡು ಮೂಗಿನ ಒ ಮಾಡೆಲ್, 1950ರ ಎಸ್ ಮಾಡೆಲ್, ಅದರದೇ ಎತ್ತರದ ನಾಲ್ಕು ಚಕ್ರ ಚಾಲನೆಯ ಆರ್‌ಎಲ್, 1960ರ ಹೊತ್ತಿಗೆ ಎಲ್ಲೆಲ್ಲೂ ಕಾಣತೊಡಗಿದ ಟಿಕೆ. ಮುಂದೆ ಬೆಡ್‌ಫರ್ಡ್ ಎಂಬ ಹೆಸರನ್ನೇ ಬರೆದಿರುತ್ತಾರಾದ್ದರಿಂದ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಫೋಡನ್, ಆಟ್ಕಿನ್ಸನ್, ಇಆರ್‌ಎಫ್, ಲೇಲ್ಯಾಂಡ್ ಕೂಡ ಹಾಗೇ, ಬ್ಯಾಡ್ಜ್ ಓದಿದರೆ ಆಯಿತು. ಲಂಡನ್ ಟ್ರಾನ್ಸ್‌ಪೋರ್ಟ್ ಮಾತ್ರ ತನ್ನ ಹಳೇ ಎಸ್‌ಟಿಎಲ್ ಡಬಲ್ ಡೆಕ್ಕರ್ ಬಸ್ಸುಗಳ ಚಾಸಿಯನ್ನೇ ಬ್ರೇಕ್‌ಡೌನ್ ಗಾಡಿ ಮಾಡಿಕೊಂಡಿತ್ತು. ಅವುಗಳ ಪಕ್ಕದಲ್ಲಿ ‘ಜೆ’ ಅಕ್ಷರದಿಂದ ಕೊನೆಯಾಗುವ ಸಂಖ್ಯೆ ಇರುತ್ತದೆ.

ಹಂತ 3: ಕ್ರೇನ್ ಏನು ಹೇಳುತ್ತದೆ?

ಕಾರ್ಖಾನೆಯಲ್ಲಿ ತಯಾರಾದ ಕ್ರೇನಿನ ಬುಡದಲ್ಲಿ ಸಾಮಾನ್ಯವಾಗಿ ತಯಾರಕರ ತಟ್ಟೆ ಇರುತ್ತದೆ, ಬಣ್ಣದ ಪದರದಡಿ ಮುಚ್ಚಿಹೋಗಿರಬಹುದು ಅಷ್ಟೇ. ಬ್ರಿಟನ್ನಿನಲ್ಲಿ ಜಾಸ್ತಿ ಕಾಣುವುದು ಹಾರ್ವೆ ಫ್ರಾಸ್ಟ್ ಹೆಸರು. ಸಣ್ಣದಾದರೆ ಎರಡು ಕೈಹಿಡಿ, ಇಬ್ಬರು ನಿಂತು ತಿರುಗಿಸಬೇಕು. ಲ್ಯಾಂಡ್ ರೋವರ್ ಹಿಂಬದಿಗೆ ಕೂರುವಷ್ಟು ಪುಟ್ಟದೂ ಇತ್ತು.

ಎರಡು ತೋಳಿನ ಕ್ರೇನ್ ಕಂಡರೆ ಹೋಮ್ಸ್ ಎಂಬ ಹೆಸರು ಹುಡುಕಿ. ಅಮೆರಿಕದ ಟೆನೆಸ್ಸಿ ರಾಜ್ಯದ ಚಟ್ಟನೂಗಾದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜ್ ಮಾಲೀಕ 1916ರಲ್ಲಿ 1913ರ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕಟ್ಟಿ ಈ ಕಸುಬಿಗೇ ದಾರಿ ಹಾಕಿದ. ಹೊಳೆಗೆ ಬಿದ್ದಿದ್ದ ಕಾರೊಂದನ್ನು ಎತ್ತಲು ಪಟ್ಟ ಪಾಡೇ ಅದಕ್ಕೆ ಕಾರಣವಂತೆ. ಇಂದು ಅದೇ ಊರಿನಲ್ಲಿ ಟೋಯಿಂಗ್ ಗಾಡಿಗಳ ಮ್ಯೂಸಿಯಂ ಇದೆ. ಎರಡು ತೋಳಿನ ಜಾಣತನ ಇಷ್ಟು: ಒಂದು ತೋಳನ್ನು ರಸ್ತೆಯಾಚೆ ಬಿದ್ದ ಗಾಡಿಯ ಕಡೆ ತಿರುಗಿಸಿ, ಇನ್ನೊಂದನ್ನು ಎದುರು ಬದಿಯ ಮರಕ್ಕೋ ಗೂಟಕ್ಕೋ ಕಟ್ಟಬಹುದು. ಆಗ ಎಳೆಯುವ ಲಾರಿಯೇ ಮಗುಚುವುದಿಲ್ಲ. ಡೈಮಂಡ್ ಟಿ ಮೇಲಿದ್ದದ್ದು ಹೋಮ್ಸ್ ಡಬ್ಲ್ಯು-45. ಯುದ್ಧದ ನಂತರ ಲಾರಿ ಗುಜರಿಗೆ ಹೋದರೂ ಈ ಕ್ರೇನನ್ನು ಬಿಚ್ಚಿ ಬೇರೆ ಚಾಸಿಗೆ ಕೂರಿಸಿದ್ದುಂಟು. ಹಾಗಾಗಿ ಹೋಮ್ಸ್ ಕಂಡ ಮಾತ್ರಕ್ಕೆ ಡೈಮಂಡ್ ಟಿ ಅನ್ನಬೇಡಿ.

ತೋಳೇ ಇಲ್ಲದೆ, ಹಿಂದಕ್ಕೆ ಚಾಚಿದ ಅಡ್ಡ ತೊಲೆಗೆ ಚೈನ್ ಬ್ಲಾಕ್ (ಸರಪಳಿ ರಾಟೆ) ನೇತುಹಾಕಿದ್ದರೆ ಅದು ಗ್ಯಾಂಟ್ರಿ. ಆಸ್ಟಿನ್ ಕೆ6, ಲೇಲ್ಯಾಂಡ್ ರಿಟ್ರೀವರ್ ಮುಂತಾದ ಯುದ್ಧಕಾಲದ ಆರು ಚಕ್ರದ ಲಾರಿಗಳಲ್ಲಿ ಇದು ಸಾಮಾನ್ಯ.

ಇನ್ನೊಂದು ದೊಡ್ಡ ಗಡಿ ಇದೆ. ಹಳೇ ಪದ್ಧತಿಯಲ್ಲಿ ಗಾಡಿಯನ್ನು ಕೊಕ್ಕೆ ಸರಪಳಿಯಿಂದ ಮೇಲಿನಿಂದ ಎತ್ತುತ್ತಿದ್ದರು. ಬಂಪರು ನುಜ್ಜಾದರೆ ಆಯಿತು, ತಗಡು ತಟ್ಟಿ ಸರಿ ಮಾಡುತ್ತಿದ್ದರು. ಪ್ಲಾಸ್ಟಿಕ್, ಫೈಬರ್ ಮೂತಿಯ ಗಾಡಿಗಳು ಬಂದ ಮೇಲೆ ಅದು ನಡೆಯಲಿಲ್ಲ. 1970ರ ದಶಕದಿಂದ ಆಕ್ಸಲ್ ಕೆಳಗೆ ತೋಳು ಚಾಚಿ ತಳದಿಂದ ಎತ್ತುವ ಯಂತ್ರಗಳು ಬಂದವು. ಸ್ವೀಡನ್ನಿನ ಇಕೆಎ ಅದರಲ್ಲಿ ಹೆಸರುವಾಸಿ. ಹಳೇ ಮಟಡೋರ್ ಹಿಂದೆ ಇಂಥ ತಳತೋಳು ಕಂಡರೆ, ಫೋಟೋ ಎಷ್ಟೇ ಮಾಸಿದ್ದರೂ 1970ಕ್ಕಿಂತ ಹಿಂದೆ ಹೋಗಬೇಡಿ.

ಹಂತ 4: ನಂಬರ್ ಪ್ಲೇಟು, ನಂಬಿಕೆ ಮತ್ತು ಮೋಸ

ಬ್ರಿಟನ್ನಿನ ಹಳೇ ನಂಬರಿನಲ್ಲಿ ಅಕ್ಷರಗಳು ಊರನ್ನು ಹೇಳುತ್ತವೆ. ಮೂರು ಅಕ್ಷರ ಇದ್ದರೆ ಕೊನೆಯ ಎರಡು ನೋಡಿ. ಎಫ್‌ಜೆ ಎಂದರೆ ಎಕ್ಸೆಟರ್, ಆರ್‌ಯು ಬೋರ್ನ್‌ಮತ್, ಕೆಎಚ್ ಹಲ್. 1963ರಿಂದ ಕೊನೆಗೊಂದು ವರ್ಷದ ಅಕ್ಷರ ಸೇರಿತು. 1963ಕ್ಕೆ ಎ, 1964ಕ್ಕೆ ಬಿ, ಹೀಗೆ. 1967ರಿಂದ ಅಕ್ಷರ ಬದಲಾಗುವುದು ಆಗಸ್ಟ್ ತಿಂಗಳಿಗೆ ಹೋಯಿತು. 1983ರಲ್ಲಿ ವರ್ಷದ ಅಕ್ಷರ ಮುಂದಕ್ಕೆ ಬಂತು. ಕಪ್ಪು ಹಿನ್ನೆಲೆಯ ಪ್ಲೇಟು ಹೊಸ ಗಾಡಿಗಳಿಗೆ ಕೊನೆಯಾದದ್ದು 1973ರಲ್ಲಿ.

ಇಷ್ಟು ಸುಲಭವಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಸೈನ್ಯದ ಗಾಡಿಗೆ ಊರಿನ ನಂಬರು ಸಿಗುವುದು ಅದು ಸೈನ್ಯ ಬಿಟ್ಟ ಮೇಲೆ. 1943ರ ಮಟಡೋರ್‌ಗೆ 1964ರ ಬಿ ಅಕ್ಷರ ಇದ್ದರೆ ಆಶ್ಚರ್ಯವಿಲ್ಲ. ಅದು ಹುಟ್ಟಿದ ವರ್ಷವಲ್ಲ, ನಿವೃತ್ತಿಯ ನಂತರದ ಕೆಲಸಕ್ಕೆ ಸೇರಿದ ವರ್ಷ. ಕ್ಯೂ ಅಕ್ಷರದಿಂದ ಶುರುವಾದರೆ, ಗಾಡಿಯ ವಯಸ್ಸಿಗೆ ಪುರಾವೆ ಸಾಲದೆ 1983ರ ನಂತರ ಕೊಟ್ಟ ನಂಬರು ಅದು. ಸೈನ್ಯದ್ದೇ ನಂಬರು ಹಾಗೇ ಇದ್ದರೆ ಎರಡು ಅಂಕಿ, ಎರಡು ಅಕ್ಷರ, ಮತ್ತೆ ಎರಡು ಅಂಕಿ ಇರುತ್ತದೆ. ಅದು ಯುದ್ಧದ ನಂತರದ ಪದ್ಧತಿ.

ಎಲ್ಲಕ್ಕಿಂತ ದೊಡ್ಡ ಮೋಸ ಟ್ರೇಡ್ ಪ್ಲೇಟು. ಬಿಳಿ ಹಿನ್ನೆಲೆಯಲ್ಲಿ ಕೆಂಪು ಬರಹ, 1970ಕ್ಕೆ ಮುಂಚಿನದಾದರೆ ಕೆಂಪು ಹಿನ್ನೆಲೆಯಲ್ಲಿ ಬಿಳಿ ಬರಹವೂ ಇರಬಹುದು. ಗ್ಯಾರೇಜಿಗೆ ಕೊಡುವ ನಂಬರು ಇದು, ಗಾಡಿಗಲ್ಲ. ಬೆಳಿಗ್ಗೆ ಬೆಡ್‌ಫರ್ಡ್‌ಗೆ ಕಟ್ಟಿದ್ದನ್ನೇ ಮಧ್ಯಾಹ್ನ ಮಟಡೋರ್‌ಗೆ ಕಟ್ಟಬಹುದಿತ್ತು. ಬ್ರೇಕ್‌ಡೌನ್ ಲಾರಿಗಳು ತಮ್ಮ ಬದುಕಿಡೀ ಇದರ ಮೇಲೇ ಓಡಿದ್ದುಂಟು. ಇದರಿಂದ ಲಾರಿಯ ವಯಸ್ಸು ಗೊತ್ತಾಗುವುದಿಲ್ಲ, ಗ್ಯಾರೇಜಿನ ಊರು ಮಾತ್ರ ಗೊತ್ತಾಗುತ್ತದೆ. ನೆನಪು ಕಲೆಹಾಕುವವರಿಗೆ ಅದೇನೂ ಕಡಿಮೆಯಲ್ಲ.

ಹಂತ 5: ಬಾಗಿಲ ಮೇಲಿನ ಫೋನ್ ನಂಬರು

ಬಣ್ಣ ಬರೆದ ಕಾಲ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಊರಿನ ಟೆಲಿಫೋನ್ ಎಕ್ಸ್‌ಚೇಂಜ್ ಹೆಸರು, ಮುಂದೆ ಮೂರೋ ನಾಲ್ಕೋ ಅಂಕಿ ಇದ್ದರೆ ಹಳೆಯದು. ಲಂಡನ್ನಿನಲ್ಲಿ ಸ್ಕಾಟ್‌ಲೆಂಡ್ ಯಾರ್ಡ್‌ನ ನಂಬರು ವೈಟ್‌ಹಾಲ್ 1212 ಆಗಿತ್ತಲ್ಲ, ಆ ಥರ. ದೊಡ್ಡ ನಗರಗಳಲ್ಲಿ ಈ ಹೆಸರುಗಳು 1960ರ ದಶಕದ ಕೊನೆಗೆ ಅಂಕಿಗಳಾದವು. ಲಂಡನ್ನಿನ 01 ಎಂಬುದು 1990ರ ಮೇ ತಿಂಗಳಲ್ಲಿ 071 ಮತ್ತು 081 ಆಯಿತು. 1995ರ ಏಪ್ರಿಲ್‌ನಲ್ಲಿ ದೇಶದ ಬಹುತೇಕ ಊರುಗಳ ಕೋಡಿಗೆ ಸೊನ್ನೆಯ ಪಕ್ಕ ‘1’ ಸೇರಿತು. ಬರ್ಮಿಂಗ್‌ಹ್ಯಾಮ್‌ನ 021 ಆಗಿದ್ದದ್ದು 0121 ಆಯಿತು. ಬಾಗಿಲಲ್ಲಿ 071 ಇದ್ದರೆ ಆ ಬಣ್ಣಕ್ಕೆ ಐದೇ ವರ್ಷದ ಅವಕಾಶ.

ಹಳದಿ ಬಣ್ಣ ಮತ್ತು ಎಎ ಗುರುತು ಕಂಡರೆ 1905ರಲ್ಲಿ ಶುರುವಾದ ಆಟೊಮೊಬೈಲ್ ಅಸೋಸಿಯೇಷನ್‌ನದು. ಅವರು 1949ರಲ್ಲಿ ಲಂಡನ್ನಿನಲ್ಲಿ ರಾತ್ರಿ ಸೇವೆ ಶುರು ಮಾಡಿದಾಗ ಬಳಸಿದ್ದು ಲ್ಯಾಂಡ್ ರೋವರ್. ಕಡುನೀಲಿ ಇದ್ದರೆ ಆರ್‌ಎಸಿ.

ಹಂತ 6: ಗಾಡಿ ಕಣ್ಣೆದುರೇ ಇದ್ದರೆ

ಮ್ಯೂಸಿಯಂನಲ್ಲೋ ಮೇಳದಲ್ಲೋ ಗಾಡಿ ಸಿಕ್ಕರೆ ಕೆಲಸ ಅರ್ಧ. ಲ್ಯಾಂಕಾಷೈರ್‌ನ ಲೇಲ್ಯಾಂಡ್ ಊರಿನಲ್ಲಿ ವಾಣಿಜ್ಯ ವಾಹನಗಳ ಮ್ಯೂಸಿಯಂ ಇದೆ. ವಿಲ್ಟ್‌ಷೈರ್‌ನ ಲೈನಮ್‌ನಲ್ಲಿ ಸೈನ್ಯದ ರಿಪೇರಿ ದಳವಾದ ರೀಮಿಯ ಮ್ಯೂಸಿಯಂ ಇದೆ. ಕ್ಯಾಬಿನ್ ಒಳಗಿನ ತಟ್ಟೆ, ಚಾಸಿಯ ಉದ್ದನೆಯ ತೊಲೆಯ ಮೇಲೆ ಕೊರೆದ ಸಂಖ್ಯೆ, ಕ್ರೇನಿನ ತಟ್ಟೆ, ಈ ಮೂರನ್ನೂ ಬೇರೆಬೇರೆ ಬರೆದುಕೊಳ್ಳಿ. ಬಣ್ಣ ಕೆರೆಯುವ ಕೆಲಸ ಮಾಲೀಕರನ್ನು ಕೇಳದೆ ಬೇಡ. ಗಾಡಿ ಏನನ್ನಾದರೂ ಎಳೆದು ತೋರಿಸುತ್ತಿದ್ದರೆ ವೈರ್ ರೋಪಿನ ನೇರಕ್ಕೆ ಮಾತ್ರ ನಿಲ್ಲಬೇಡಿ. ಬಿಗಿದ ರೋಪು ಹರಿದರೆ ಕಾಲು ಉಳಿಯುವುದಿಲ್ಲ.

ಹಂತ 7: ನೆನಪು ಕೇಳುವ ಬಗೆ

ಹಳೇ ಡ್ರೈವರ್‌ಗಳ ಹತ್ತಿರ ಇದು ಯಾವ ವರ್ಷ ಅಂತ ಕೇಳಿದರೆ ಅವರು ತಡವರಿಸುತ್ತಾರೆ. ಘಟನೆ ಹಿಡಿದು ಕೇಳಿ. 1962ರ ಕ್ರಿಸ್ಮಸ್‌ಗೆ ಶುರುವಾಗಿ 1963ರ ಮಾರ್ಚ್‌ವರೆಗೆ ಬಿಡದ ಹಿಮಗಾಲದಲ್ಲಿ ಯಾವ ಗಾಡಿ ಓಡಿಸುತ್ತಿದ್ದಿರಿ? 1956ರ ಸೂಯೆಜ್ ಕಾಲುವೆ ಗಲಾಟೆಯಲ್ಲಿ ಪೆಟ್ರೋಲ್ ರೇಷನ್ ಆದಾಗ ಏನು ಮಾಡಿದಿರಿ? 1959ರ ನವೆಂಬರ್‌ನಲ್ಲಿ ಎಂ1 ಮೋಟರ್‌ವೇ ತೆರೆದಾಗ ಅಲ್ಲಿ ವೇಗಕ್ಕೆ ಮಿತಿಯೇ ಇರಲಿಲ್ಲ. ಊರೊಳಗೆ ಓಡಾಡಿಕೊಂಡಿದ್ದ ಕಾರುಗಳು ಅಲ್ಲಿ ಪೂರ್ತಿ ವೇಗದಲ್ಲಿ ಓಡಿ, ಕುದ್ದು, ಸಾಲಾಗಿ ನಿಂತವು. ಆ ದಿನಗಳ ಬಗ್ಗೆ ಕೇಳಿದರೆ ಮಾತು ತಾನಾಗಿ ಹರಿಯುತ್ತದೆ.

ಆಮೇಲೆ ಕಸುಬಿನ ಪ್ರಶ್ನೆ. ಸರಪಳಿ ಎಲ್ಲಿಗೆ ಕಟ್ಟುತ್ತಿದ್ದಿರಿ? ರಾತ್ರಿ ಫೋನ್ ಬಂದರೆ ಎತ್ತುವವರು ಯಾರು? ಬಹಳ ಕಡೆ ಫೋನ್ ಎತ್ತಿ ಜಾಗ ಬರೆದುಕೊಳ್ಳುತ್ತಿದ್ದದ್ದು ಮನೆಯಾಕೆ. ಅವರನ್ನು ಯಾರೂ ಕೇಳುವುದೇ ಇಲ್ಲ, ನೀವು ಕೇಳಿ. ಅಪಘಾತದ ಮಾತು ಬಂದರೆ ಕೆದಕಬೇಡಿ. ಈ ಕೆಲಸದವರು ನೋಡಬಾರದ್ದನ್ನೆಲ್ಲ ನೋಡಿರುತ್ತಾರೆ. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಸಾಕು.

ಹೇಳಿದ್ದನ್ನು ಬರೆಯುವಾಗ ಮೂರು ಸಾಲು ಬೇರೆ ಇಡಿ: ಚಾಸಿ, ಕ್ರೇನ್, ಬಣ್ಣ. ಪ್ರತಿಯೊಂದರ ಮುಂದೆ ವರ್ಷ, ಅದು ತಟ್ಟೆಯಿಂದ ಸಿಕ್ಕಿದ್ದೋ ಫೋಟೋದಿಂದ ಊಹಿಸಿದ್ದೋ ಯಾರದಾದರೂ ನೆನಪೋ ಎಂಬುದನ್ನೂ ಬರೆಯಿರಿ. ನೆನಪು ಮತ್ತು ತಟ್ಟೆ ಜಗಳವಾಡಿದರೆ ಎರಡನ್ನೂ ಉಳಿಸಿಕೊಳ್ಳಿ. ಡ್ರೈವರ್ ಹೇಳಿದ್ದು ಅದೇ ಗ್ಯಾರೇಜಿನ ಇನ್ನೊಂದು ಲಾರಿಯ ಕಥೆ ಇರಬಹುದು.

ನಮ್ಮ ಕಡೆಯ ಗಾಡಿಗಳಿಗೆ

ಇದೇ ಮೂರು ಪದರದ ಲೆಕ್ಕ ಕರ್ನಾಟಕದ ಘಾಟಿ ರಸ್ತೆಗಳ ಹಳೇ ಕ್ರೇನ್ ಲಾರಿಗಳಿಗೂ ಹೊಂದುತ್ತದೆ. ಟಾಟಾ ಲಾರಿಯ ಮೂಗಿನ ಮೇಲೆ ಮರ್ಸಿಡಿಸ್ ನಕ್ಷತ್ರ ಇದ್ದರೆ ಅದು 1954ರಿಂದ 1969ರ ಜಂಟಿ ತಯಾರಿಕೆಯ ಕಾಲದ್ದು. 1948ರ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು, ಬ್ಯಾಡ್ಜ್ ಓದುವಾಗ ಅದು ನೆನಪಿರಲಿ. ಬೆಡ್‌ಫರ್ಡ್ ಇದ್ದರೆ ಹಿಂದುಸ್ತಾನ್ ಮೋಟಾರ್ಸ್‌ನದು, ಡಾಡ್ಜ್ ಅಥವಾ ಫಾರ್ಗೊ ಇದ್ದರೆ ಪ್ರೀಮಿಯರ್‌ನದು. ಸೈನ್ಯದಿಂದ ಬಂದದ್ದಾದರೆ ಜಬಲ್ಪುರದ ಶಕ್ತಿಮಾನ್ ಇರಬಹುದು. ಬೆಂಗಳೂರಿನ ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್‌ನಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲೇ ಇದ್ದರೆ ಅವರ ಹತ್ತಿರ ಕೂತು ಕೇಳಿ. ಕೆಎ ನಂಬರು ಶುರುವಾಗಿದ್ದು 1989ರಲ್ಲಿ. ಎಂವೈ, ಸಿಎ ಎಂದು ಶುರುವಾದರೆ ಅದಕ್ಕಿಂತ ಹಳೆಯದು.

ಕ್ರೇನ್ ಮಾತ್ರ ಹೆಚ್ಚಿನ ಕಡೆ ಸ್ಥಳೀಯ ವೆಲ್ಡಿಂಗ್ ಶಾಪಿನ ಕೈಕೆಲಸ. ಅದಕ್ಕೆ ತಟ್ಟೆ ಇರುವುದಿಲ್ಲ, ಕಟ್ಟಿದ ಮೇಸ್ತ್ರಿಯ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಗ್ಯಾರೇಜಿನವರನ್ನು ಮೊದಲು ಕೇಳಬೇಕಾದದ್ದು ಅದನ್ನೇ.